ಹಳೆಯ ಜಾಲತಾಣವನ್ನು ಹಂತ ಹಂತವಾಗಿ ಮೇಲ್ದರ್ಜೆಗೇರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಕಾಲೇಜುಗಳು, ಪತ್ತಿನ ಸಹಕಾರಿ ಸಂಘಗಳು, ಟ್ರಸ್ಟುಗಳು ಹಾಗೂ ಸಣ್ಣ ಪತ್ರಿಕೆಗಳ ಜಾಲತಾಣ ನೋಡಿಕೊಳ್ಳುವವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಹತ್ತು-ಹದಿನೈದು ವರ್ಷಗಳ ಹಿಂದೆ ಜೂಮ್ಲಾ, ವರ್ಡ್‌ಪ್ರೆಸ್ ಅಥವಾ ಡ್ರೂಪಲ್ ಎಂಬ ಸಿಎಂಎಸ್ (ತಾಣದ ವಿಷಯವನ್ನು ನಿರ್ವಹಿಸುವ ತಂತ್ರಾಂಶ) ಬಳಸಿ ಕಟ್ಟಿಸಿದ, ಕಟ್ಟಿಕೊಟ್ಟವರು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಯಾರೂ ಕೈಹಾಕದೆ ಉಳಿದ ತಾಣಗಳೇ ನಮ್ಮ ಬಳಿ ಹೆಚ್ಚಾಗಿ ಬರುತ್ತವೆ. ಬಂದವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇವೆ.

ತಾಣ ಚೆನ್ನಾಗಿಯೇ ನಡೆಯುತ್ತಿದೆ. ಅದನ್ನು ಈಗ ಏಕೆ ಮುಟ್ಟಬೇಕು?

ಪುಟ ತೆರೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ತಾಣ ಸುಸ್ಥಿತಿಯಲ್ಲಿದೆ ಎಂದು ಹೇಳಲಾಗದು. ಜೂಮ್ಲಾ 1.5ಕ್ಕೆ ಅದರ ತಯಾರಕರ ಬೆಂಬಲ 2012ರಲ್ಲೇ ನಿಂತಿತು, 2.5ಕ್ಕೆ 2014ರ ಡಿಸೆಂಬರ್ 31ರಂದು, 3ನೆಯ ಸರಣಿಗೆ 2023ರ ಆಗಸ್ಟ್ 17ರಂದು ನಿಂತಿತು. ಡ್ರೂಪಲ್ 7 ಹದಿನಾಲ್ಕು ವರ್ಷ ಬಾಳಿ 2025ರ ಜನವರಿ 5ರಂದು ಕೊನೆಗೊಂಡಿತು. ಇವೆಲ್ಲವೂ ಓಡುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ, ಅದರ 5.6ನೆಯ ಆವೃತ್ತಿಗೆ 2018ರ ಕೊನೆಯಲ್ಲಿ, 7.4ಕ್ಕೆ 2022ರ ನವೆಂಬರಿನಲ್ಲಿ ಬೆಂಬಲ ಮುಗಿಯಿತು. ಬೆಂಬಲ ಮುಗಿದ ಮೇಲೆ ಪತ್ತೆಯಾಗುವ ದೋಷಗಳನ್ನು ಮುಚ್ಚುವವರು ಯಾರೂ ಇರುವುದಿಲ್ಲ, ಆದರೆ ಹುಡುಕುವವರು ಇದ್ದೇ ಇರುತ್ತಾರೆ.

ದಾಳಿ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಒಂದು ಗಂಭೀರ ದೋಷವೂ ಅದರ ಪರಿಹಾರವೂ ಪ್ರಕಟವಾದವು. ಎರಡು ವಾರಗಳ ಬಳಿಕ ಡ್ರೂಪಲ್ ಭದ್ರತಾ ತಂಡವೇ ಒಂದು ಎಚ್ಚರಿಕೆ ನೀಡಿ, ಪ್ರಕಟಣೆಯಾದ 7 ಗಂಟೆಗಳೊಳಗೆ ಸರಿಪಡಿಸಿಕೊಳ್ಳದ ಪ್ರತಿ ತಾಣವೂ ಕೈತಪ್ಪಿದೆ ಎಂದೇ ಭಾವಿಸಬೇಕು ಎಂದಿತು. ಮರುವರ್ಷ ಡಿಸೆಂಬರಿನಲ್ಲಿ ಜೂಮ್ಲಾದಲ್ಲಿ ಸಿಕ್ಕ ದೋಷ 1.5ರಿಂದ 3.4.5ರವರೆಗಿನ ಎಲ್ಲ ಆವೃತ್ತಿಗಳಲ್ಲೂ ವರ್ಷಗಟ್ಟಲೆ ಅಡಗಿ ಕುಳಿತಿತ್ತು.

ಇದಲ್ಲದೆ, ತಾಣವನ್ನು ತನ್ನ ಕಂಪ್ಯೂಟರಿನಲ್ಲಿ (ಸರ್ವರ್) ಇರಿಸಿಕೊಂಡಿರುವ ಹೋಸ್ಟಿಂಗ್ ಕಂಪನಿ ಒಂದು ದಿನ ಹಳೆಯ ಪಿಎಚ್‌ಪಿಯನ್ನು ತನ್ನ ಸರ್ವರಿನಿಂದ ತೆಗೆದುಹಾಕುತ್ತದೆ. ಆ ದಿನವನ್ನು ಆರಿಸುವವರು ಅವರೇ ಹೊರತು ನೀವಲ್ಲ.

ಹಂತ ಹಂತವಾಗಿ ಎಂದರೆ ಏನು? ಒಂದೇ ರಾತ್ರಿಯಲ್ಲಿ ಮುಗಿಸಲಾಗದೇ?

ಧಾರವಾಡದ ಹಳೆಯ ಓಣಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡು ಸರಿಪಡಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದವರು ಇಡೀ ಮಾಡನ್ನು ಒಮ್ಮೆಲೇ ಕೆಳಗಿಳಿಸುವುದಿಲ್ಲ. ಒಂದು ಸಾಲು ತೆಗೆದು, ಒಡೆದದ್ದನ್ನು ಬದಲಿಸಿ, ಆ ಸಾಲನ್ನು ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಕೈಹಾಕುತ್ತಾರೆ. ಸಂಜೆ ಅಕಸ್ಮಾತ್ ಮಳೆ ಬಂದರೂ ಮನೆಯವರು ಒಳಗೆ ಮಲಗಬಹುದು.

ಜಾಲತಾಣದ ಹಂತವನ್ನೂ ನಾವು ಹೀಗೆಯೇ ಗುರುತಿಸುತ್ತೇವೆ. ಒಂದು ಹಂತ ಮುಗಿದಾಗ ತಾಣವು ಆ ಸ್ಥಿತಿಯಲ್ಲೇ ಒಂದು ತಿಂಗಳು ಯಾರ ದೂರೂ ಇಲ್ಲದೆ ನಿಲ್ಲುವಂತಿರಬೇಕು ಮತ್ತು ಬೇಕೆಂದಾಗ ಹಿಂದಿನ ಸ್ಥಿತಿಗೆ ಮರಳುವ ದಾರಿ ತೆರೆದಿರಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಹಂತವೆಂದು ಕರೆಯಲಾಗದು, ಅರ್ಧಕ್ಕೆ ನಿಂತ ಕೆಲಸವೆಂದೇ ಕರೆಯಬೇಕು. ಪರೀಕ್ಷೆ ಬಂತು, ಲೆಕ್ಕಪರಿಶೋಧನೆ ಬಂತು, ಮಾಡುವವರಿಗೆ ಜ್ವರ ಬಂತು ಎಂದು ಕೆಲಸ ಮಧ್ಯದಲ್ಲಿ ನಿಲ್ಲುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ನಿಂತರೂ ಕೆಡದಂತೆ ಯೋಜಿಸುವುದೇ ಜಾಣತನ.

ಮೊದಲು ಎಲ್ಲಿಂದ ಶುರು ಮಾಡಬೇಕು?

ಪಟ್ಟಿ ಮಾಡುವುದರಿಂದ. ಸಿಎಂಎಸ್ ಯಾವ ಆವೃತ್ತಿ, ಪಿಎಚ್‌ಪಿ ಯಾವುದು, ಡೇಟಾಬೇಸ್ (ಲೇಖನ, ಖಾತೆಗಳೆಲ್ಲ ಇರುವ ದತ್ತಾಂಶ ಸಂಗ್ರಹ) ಯಾವುದು, ಹೆಚ್ಚುವರಿ ಸೌಲಭ್ಯಕ್ಕಾಗಿ ಸೇರಿಸಿದ ಯಾವ ಯಾವ ಪ್ಲಗಿನ್‌ಗಳಿವೆ, ಅವುಗಳಲ್ಲಿ ನಿಜವಾಗಿ ಬಳಕೆಯಲ್ಲಿರುವುವು ಯಾವುವು, ಡೊಮೇನ್ (ತಾಣದ ವಿಳಾಸದ ಹೆಸರು) ಯಾರ ಹೆಸರಿನಲ್ಲಿದೆ, ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದಕ್ಕೇ ಕೆಲವೊಮ್ಮೆ ಇಡೀ ವಾರ ಹೋಗುತ್ತದೆ: ಡೊಮೇನು ಎಂದೋ ಕೆಲಸ ಬಿಟ್ಟುಹೋದ ಒಬ್ಬರ ಸ್ವಂತ ಇಮೇಲಿಗೆ ನೋಂದಣಿಯಾಗಿರುತ್ತದೆ. ಅದನ್ನು ಸಂಸ್ಥೆಯ ಹೆಸರಿಗೆ ಬದಲಿಸಿಕೊಳ್ಳದೆ ಬೇರೇನನ್ನೂ ಆರಂಭಿಸಬೇಡಿ.

ಅದೇ ದಿನದಿಂದ ಒಂದು ದಿನಚರಿಯನ್ನೂ ಇಡಿ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ್ದು. ಕಿರ್ದಿ ಬರೆಯುವುದನ್ನು ಈ ಭಾಗದ ಸಂಘಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಿನಾಂಕ, ವೇಳೆ, ಏನು ಬದಲಿಸಿದೆವು, ಏನಾಯಿತು ಎಂಬ ನಾಲ್ಕು ಕಲಮುಗಳ ಒಂದು ನೋಟ್‌ಬುಕ್ ಸಾಕು. ಮೂರನೆಯ ವಾರ ಏನೋ ಕೆಟ್ಟಾಗ ಅದಕ್ಕಿಂತ ಉಪಯುಕ್ತವಾದ ಸಾಧನ ಇನ್ನೊಂದಿಲ್ಲ.

ಹೋಸ್ಟಿಂಗ್‌ನವರು ದಿನವೂ ಬ್ಯಾಕಪ್ ತೆಗೆಯುತ್ತಾರೆ. ಅದು ಸಾಲದೇ?

ಸಾಲದು. ತಾಣವಿರುವ ಸರ್ವರಿನಲ್ಲೇ ಬ್ಯಾಕಪ್ ಕೂಡ ಇದ್ದರೆ, ಸರ್ವರ್ ಹೋದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಕಡತಗಳು ಮತ್ತು ಡೇಟಾಬೇಸ್ ಎರಡರ ಪ್ರತಿಯನ್ನೂ ಇಳಿಸಿಕೊಂಡು ಕಚೇರಿಯ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೂ ಮುಖ್ಯವಾಗಿ, ಆ ಪ್ರತಿಯಿಂದ ಇನ್ನೊಂದು ಕಂಪ್ಯೂಟರಿನಲ್ಲಿ ತಾಣವನ್ನು ಒಮ್ಮೆ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾವು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಅರ್ಧಕ್ಕೆ ತುಂಡಾದ ಡೇಟಾಬೇಸ್ ಕಡತವೂ ಹೆಸರು, ದಿನಾಂಕ ನೋಡಿದರೆ ಪೂರ್ತಿ ಕಡತದಂತೆಯೇ ಕಾಣುತ್ತದೆ. ಅದರ ಕೊನೆಯ ಸಾಲನ್ನು ತೆರೆದು ನೋಡಿದವರಿಗಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ.

ಹೀಗೆ ಎಬ್ಬಿಸಿದ ಪ್ರತಿಯೇ ಮುಂದೆ ನಿಮ್ಮ ಪ್ರಯೋಗದ ತಾಣವಾಗುತ್ತದೆ. ಅದನ್ನು ಅಂತರ್ಜಾಲದಲ್ಲಿ ಇಡುವುದಾದರೆ ಪಾಸ್‌ವರ್ಡಿನ ಬೀಗ ಹಾಕಿ ಇಡಿ. ಇಲ್ಲದಿದ್ದರೆ ಗೂಗಲ್ ಅದನ್ನೇ ಅಸಲಿ ತಾಣವೆಂದು ತಿಳಿದು ಹುಡುಕಾಟದಲ್ಲಿ ತೋರಿಸತೊಡಗುತ್ತದೆ. ಅದರಲ್ಲಿರುವ ಅರ್ಜಿ ನಮೂನೆಗಳಿಂದ ನಿಜವಾದ ಸದಸ್ಯರಿಗೆ ಇಮೇಲ್ ಹೋಗದಂತೆಯೂ ನೋಡಿಕೊಳ್ಳಿ.

ಪಿಎಚ್‌ಪಿ ಮೊದಲೋ, ಸಿಎಂಎಸ್ ಮೊದಲೋ?

ಎರಡೂ ಸರದಿಯ ಮೇಲೆ, ಒಂದೊಂದೇ ಮೆಟ್ಟಿಲು. ಇಡೀ ಕೆಲಸದ ಮರ್ಮವಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಸಿಎಂಎಸ್‌ನ ಪ್ರತಿಯೊಂದು ಆವೃತ್ತಿಗೂ ಅದು ಒಗ್ಗಿಕೊಳ್ಳುವ ಪಿಎಚ್‌ಪಿಯ ಕೆಳಮಿತಿ ಮತ್ತು ಮೇಲ್ಮಿತಿ ಇರುತ್ತವೆ. ಪಿಎಚ್‌ಪಿಯನ್ನು ಒಮ್ಮೆಗೇ ಹೊಸದಕ್ಕೆ ಏರಿಸಿದರೆ ಹಳೆಯ ಸಿಎಂಎಸ್ ಬಿಳಿ ಪುಟ ತೋರಿಸಿ ಕುಳಿತುಕೊಳ್ಳುತ್ತದೆ: ಡೇಟಾಬೇಸಿನೊಡನೆ ಮಾತನಾಡುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಪಿಎಚ್‌ಪಿ 7ರಲ್ಲೇ ಕಿತ್ತುಹಾಕಲಾಗಿದೆ. ಸಿಎಂಎಸ್ಸನ್ನು ಒಮ್ಮೆಗೇ ಹೊಸದಕ್ಕೆ ಏರಿಸಲು ಹೊರಟರೆ ಹಳೆಯ ಪಿಎಚ್‌ಪಿ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹಳೆಯ ಮತ್ತು ಹೊಸ ಪಿಎಚ್‌ಪಿ ಎರಡರ ಮೇಲೂ ನಿಲ್ಲಬಲ್ಲ ಸಿಎಂಎಸ್ ಆವೃತ್ತಿಯೊಂದನ್ನು ಹುಡುಕಿ, ಮೊದಲು ಅಲ್ಲಿಗೆ ಏರಿ, ಅಲ್ಲಿ ನಿಂತು ಪಿಎಚ್‌ಪಿಯನ್ನು ಬದಲಿಸಿ, ಆಮೇಲೆ ಮುಂದಕ್ಕೆ ಹೋಗಬೇಕು.

ಜೂಮ್ಲಾದಲ್ಲಿ ಅಂಥ ತಂಗುದಾಣ 3.10. ಅದು ಪಿಎಚ್‌ಪಿ 5.3.10ರಿಂದ 8.0ರವರೆಗೂ ನಡೆಯುತ್ತದೆ, ಮುಂದಿನ ಏರಿಕೆಗೆ ಯಾವ ಪ್ಲಗಿನ್ ಅಡ್ಡಿಯಾಗುತ್ತದೆ ಎಂದು ಮುಂಚಿತವಾಗಿ ಪರೀಕ್ಷಿಸಿ ಹೇಳುವ ಪರದೆಯೂ ಅದರಲ್ಲೇ ಇದೆ. ಅಲ್ಲಿಂದ ಮುಂದೆ ಜೂಮ್ಲಾ 4ಕ್ಕೆ ಪಿಎಚ್‌ಪಿ 7.2.5, ಜೂಮ್ಲಾ 5ಕ್ಕೆ 8.1, ಜೂಮ್ಲಾ 6ಕ್ಕೆ 8.3 ಕನಿಷ್ಠ ಅಗತ್ಯ. ವರ್ಡ್‌ಪ್ರೆಸ್ಸಿನಲ್ಲಿ ಪಿಎಚ್‌ಪಿ 5.2ರ ಕಾಲದ ಸರ್ವರಿನ ಮೇಲೆ ನಿಲ್ಲುವ ಕೊನೆಯ ಆವೃತ್ತಿ 5.1; 2019ರ ಮೇ ತಿಂಗಳಿನಲ್ಲಿ ಬಂದ 5.2ಕ್ಕೆ ಪಿಎಚ್‌ಪಿ 5.6.20 ಬೇಕಾಯಿತು, 6.6ಕ್ಕೆ 7.2.24. ಹೀಗಾಗಿ 5.1ರವರೆಗೆ ಏರಿ, ಪಿಎಚ್‌ಪಿಯನ್ನು 7.2ರ ಇತ್ತೀಚಿನ ಬಿಡುಗಡೆಗೆ ತಂದು, ಬಳಿಕ ವರ್ಡ್‌ಪ್ರೆಸ್ಸನ್ನು ಮುಂದಕ್ಕೆ ಒಯ್ದು, ಕೊನೆಯಲ್ಲಿ ಪಿಎಚ್‌ಪಿ 8ರ ಸರಣಿಗೆ ಹೋಗುವುದು ಕ್ಷೇಮ.

ಪ್ರತಿ ಮೆಟ್ಟಿಲಿನಲ್ಲೂ ಪ್ರಯೋಗದ ತಾಣದ ದೋಷಗಳ ಲಾಗ್ ಕಡತವನ್ನು ತೆರೆದು ಓದಿ. ಪುಟ ಸರಿಯಾಗಿ ಕಂಡರೂ ಲಾಗಿನಲ್ಲಿ ಸಾಲು ಸಾಲಾಗಿ ಎಚ್ಚರಿಕೆಗಳು ಬರುತ್ತಿದ್ದರೆ, ಇಂದಿನ ಎಚ್ಚರಿಕೆ ಮುಂದಿನ ಮೆಟ್ಟಿಲಿನಲ್ಲಿ ತಾಣವನ್ನೇ ನಿಲ್ಲಿಸುವ ದೋಷವಾಗುತ್ತದೆ.

ಜೂಮ್ಲಾ 1.5ರಿಂದ ನೇರವಾಗಿ ಹೊಸದಕ್ಕೆ ಹೋಗಬಹುದೇ?

ಬಟನ್ ಒತ್ತಿ ಹೋಗಲಾಗದು. 1.5ರಿಂದ 2.5ಕ್ಕೆ ಹೋಗುವುದು ಒಂದು ಸ್ಥಳಾಂತರ; ಲೇಖನ, ವಿಭಾಗ, ಬಳಕೆದಾರರ ಪಟ್ಟಿ ಎಲ್ಲವನ್ನೂ ಹೊಸ ಸ್ಥಾಪನೆಗೆ ಸಾಗಿಸಬೇಕು. 2.5ರಿಂದ 3ಕ್ಕೆ, ಅಲ್ಲಿಂದ 3.10, 4.4, 5 ಎಂಬ ದಾರಿ ಮಾತ್ರ ಜೂಮ್ಲಾದ ಅಪ್‌ಡೇಟ್ ವ್ಯವಸ್ಥೆಯೊಳಗೇ ಸಾಗುತ್ತದೆ. ಥೀಮ್ (ತಾಣದ ಹೊರನೋಟದ ವಿನ್ಯಾಸ) ಹಳೆಯದು ಉಳಿಯುವುದಿಲ್ಲ, ಅದರ ಆಸೆ ಬಿಡಿ. ಹಳೆಯ ಚಿತ್ರಗಳೆಲ್ಲ ಇಮೇಜಸ್ ಫೋಲ್ಡರಿನೊಳಗಿನ ಸ್ಟೋರೀಸ್ ಎಂಬ ಉಪಫೋಲ್ಡರಿನಲ್ಲಿರುತ್ತವೆ. ಅಚ್ಚುಕಟ್ಟು ಮಾಡುತ್ತೇವೆಂದು ಅವುಗಳ ಜಾಗ ಬದಲಿಸದೆ ಇದ್ದಲ್ಲಿಯೇ ಇರಲು ಬಿಟ್ಟರೆ ನೂರಾರು ಲೇಖನಗಳಲ್ಲಿ ಚಿತ್ರ ಒಡೆಯುವುದು ತಪ್ಪುತ್ತದೆ.

ಡ್ರೂಪಲ್ 7 ಇದೆ. ನಾವು 8, 9 ದಾಟಿ ಹೋಗಬೇಕೇ?

ಬೇಕಾಗಿಲ್ಲ. ಡ್ರೂಪಲ್ 8ರಲ್ಲಿ ಒಳಗಿನ ಕಟ್ಟಡವೇ ಬದಲಾಯಿತು. ಸಿಂಫನಿ ಎಂಬ ಚೌಕಟ್ಟು, ಟ್ವಿಗ್ ಎಂಬ ಥೀಮ್ ಭಾಷೆ ಬಂದವು. ಆದ್ದರಿಂದ 7ರ ತಾಣವನ್ನು ಇದ್ದಲ್ಲಿಯೇ ಏರಿಸಲಾಗದು. ಪಕ್ಕದಲ್ಲಿ ಡ್ರೂಪಲ್ 10ರ ಹೊಸ ತಾಣ ಎಬ್ಬಿಸಿ, ಅದರೊಳಗೇ ಇರುವ ಸ್ಥಳಾಂತರ ಮಾಡ್ಯೂಲ್‌ಗಳಿಂದ ಹಳೆಯ ಡೇಟಾಬೇಸನ್ನು ಓದಿಸಿ ವಿಷಯವನ್ನು ತರುವುದು ಸರಿಯಾದ ಮಾರ್ಗ. ಲೇಖನಗಳು, ಬಳಕೆದಾರರು, ಕಡತಗಳು ಬರುತ್ತವೆ. ವ್ಯೂಸ್ ಎಂಬ ಪಟ್ಟಿ-ಪುಟಗಳನ್ನು ಮಾತ್ರ ಕೈಯಾರೆ ಮತ್ತೆ ಕಟ್ಟಬೇಕು. ಇಲ್ಲಿ ಹಂತಗಳೆಂದರೆ ಆವೃತ್ತಿಗಳಲ್ಲ, ವಿಷಯದ ಬಗೆಗಳು: ಮೊದಲು ಸ್ಥಿರ ಪುಟಗಳು, ಆಮೇಲೆ ಸೂಚನೆಗಳು, ಕೊನೆಗೆ ಅರ್ಜಿ ನಮೂನೆಗಳು. ಈ ಸಾಗಾಟವನ್ನು ಎಷ್ಟು ಬಾರಿ ಬೇಕಾದರೂ ಅಳಿಸಿ ಮತ್ತೆ ನಡೆಸಬಹುದು ಎಂಬುದೇ ಇದರ ದೊಡ್ಡ ಅನುಕೂಲ.

ಪ್ರಯೋಗದ ತಾಣದಲ್ಲಿ ಕನ್ನಡವೆಲ್ಲ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತಿದೆ. ಹೋಯಿತೇ?

ಏನು ಕಾಣುತ್ತಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ತಲೆಯ ಮೇಲೆ ಓರೆ ಗೆರೆಯಿರುವ ಲ್ಯಾಟಿನ್ 'ಎ' ಅಕ್ಷರ, ಅದರ ಹಿಂದೆಯೇ ಸಣ್ಣ 2 ಅಥವಾ 3, ಮತ್ತೊಂದು ಚಿಹ್ನೆ, ಪುನಃ ಅದೇ 'ಎ' ಎಂಬ ಸರಣಿ ಕಾಣುತ್ತಿದ್ದರೆ ಗಾಬರಿ ಬೇಡ. ಪಠ್ಯವನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ (ಮೂಲ ಅಕ್ಷರ, ಗುಣಿತದ ಚಿಹ್ನೆ, ಹಲಂತದ ಗುರುತು ಒಂದೊಂದಕ್ಕೂ) 3 ಬೈಟ್ ಬೇಕು. ಆ ಮೂರನ್ನು ಡೇಟಾಬೇಸ್ ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರಗಳೆಂದು ತಿಳಿದು ತೋರಿಸುತ್ತಿದೆ, ಅಷ್ಟೇ. ಬೈಟುಗಳು ಅಳಿದಿಲ್ಲ. ಹಳೆಯ ಕೋಷ್ಟಕದ ಮೇಲೆ ಲ್ಯಾಟಿನ್-1 (ಯುರೋಪಿನ ಅಕ್ಷರಗಳಷ್ಟೇ ಇರುವ ಹಳೆಯ ಸಂಕೇತ ಪದ್ಧತಿ) ಎಂಬ ಹಣೆಪಟ್ಟಿ ಇದ್ದು ಒಳಗೆ ಯುಟಿಎಫ್-8 ಪಠ್ಯವಿದ್ದಾಗ ಹೀಗಾಗುತ್ತದೆ. ಪ್ರತಿಯನ್ನು ಲ್ಯಾಟಿನ್-1 ಎಂದೇ ಹೊರತೆಗೆದು, ಒಳಗೆ ಹಾಕುವಾಗ ಯುಟಿಎಫ್8ಎಂಬಿ4 (ಡೇಟಾಬೇಸಿನಲ್ಲಿ ಯುಟಿಎಫ್-8ರ ಪೂರ್ಣ ರೂಪದ ಹೆಸರು) ಎಂದು ಹೇಳಿದರೆ ಕನ್ನಡ ಮರಳುತ್ತದೆ.

ಆದರೆ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅಲ್ಲಿ ಪಠ್ಯ ಅಳಿದುಹೋಗಿದೆ. ಬ್ಯಾಕಪ್ ಇಲ್ಲದೆ ಅದನ್ನು ಯಾರೂ ಮರಳಿ ತರಲಾರರು.

ಈ ಪಾಠ ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಗದಗ ಭಾಗದ ಒಂದು ಸಂಸ್ಥೆಯ ತಾಣ ಏರಿಸಿದಾಗ ಮುಖಪುಟ, ಇತ್ತೀಚಿನ ಸೂಚನೆಗಳು ಎಲ್ಲವೂ ಸರಿಯಾಗಿ ಕಂಡವು, ನಾವು ಕೈತೊಳೆದುಕೊಂಡೆವು. ತಿಂಗಳ ಬಳಿಕ ಅಲ್ಲಿಯ ಹಿರಿಯ ಗುಮಾಸ್ತರು 2011ರ ಒಂದು ಸಭಾ ಸೂಚನೆ ಬೇಕೆಂದು ತೆರೆದರೆ ಪರದೆಯ ಮೇಲೆ ಇದ್ದದ್ದು ಹೀಗೆ: "?????? ?????? 25-09-2011 ?????? 10.30 ???????". ದಿನಾಂಕ ಮತ್ತು ವೇಳೆ ಮಾತ್ರ ಉಳಿದಿದ್ದವು, ಸಭೆ ಎಲ್ಲಿ, ಯಾಕೆ ಎಂಬುದು ಅಳಿದಿತ್ತು. ಒಂದು ಹಳೆಯ ಕೋಷ್ಟಕ ಮಾತ್ರ ಲ್ಯಾಟಿನ್-1ರಲ್ಲೇ ಉಳಿದಿದ್ದು, ನಮ್ಮ ಸಾಗಾಟದ ಸ್ಕ್ರಿಪ್ಟ್ ಅದರೊಳಗೆ ನಿಜವಾದ ಕನ್ನಡವನ್ನು ತುಂಬಲು ಹೋಗಿ ಪ್ರತಿ ಸಂಕೇತಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿತ್ತು. ಅಷ್ಟರಲ್ಲಿ ಹಳೆಯ ಸರ್ವರ್ ಮುಚ್ಚಿಯಾಗಿತ್ತು. ಕಚೇರಿಯ ಅಲ್ಮೇರಾದಲ್ಲಿ ಫೈಲುಗಳ ನಡುವೆ ಮೂಲ ತಾಣ ಕಟ್ಟಿದವರು 2013ರಲ್ಲಿ ಬರೆದುಕೊಟ್ಟ ಒಂದು ಡಿವಿಡಿ ಸಿಕ್ಕಿದ್ದರಿಂದ ಅಲ್ಲಿಯವರೆಗಿನದು ಉಳಿಯಿತು. ಆ ನಂತರದ ಸೂಚನೆಗಳನ್ನು ಮುದ್ರಿತ ಪ್ರತಿ ನೋಡಿ ನಾವೇ ಕುಳಿತು ಮತ್ತೆ ಟೈಪ್ ಮಾಡಿದೆವು.

ಅಂದಿನಿಂದ ಪ್ರತಿ ಹಂತದಲ್ಲೂ ಪ್ರತಿ ವರ್ಷದ ಒಂದೊಂದು ಪುಟ ತೆರೆದು ನೋಡುತ್ತೇವೆ, ಮತ್ತು ಡೇಟಾಬೇಸಿನಲ್ಲಿ ಸತತ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳನ್ನು ಹುಡುಕುತ್ತೇವೆ. ಉತ್ತರ ಸೊನ್ನೆ ಬರಬೇಕು.

ನಮ್ಮ ಹಳೆಯ ಪುಟಗಳು ನುಡಿ ಫಾಂಟಿನಲ್ಲಿವೆ. ಅವನ್ನು ಏನು ಮಾಡಬೇಕು?

ಯೂನಿಕೋಡ್ (ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿ) ರೂಢಿಗೆ ಬರುವ ಮುಂಚಿನ ಪುಟಗಳಲ್ಲಿ ಕನ್ನಡವೆಂದು ಕಾಣುವುದು ಅಸಲಿಗೆ ಲ್ಯಾಟಿನ್ ಅಕ್ಷರಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. 'ಕನ್ನಡ' ಎಂಬ ಪದವನ್ನೇ ಫಾಂಟ್ ತೆಗೆದು ನೋಡಿದರೆ ಇಂಗ್ಲಿಷಿನ ದೊಡ್ಡ 'ಪಿ'ಯಿಂದ ಆರಂಭವಾಗಿ ನಡುವೆ ಬ್ರಿಟಿಷ್ ಪೌಂಡಿನ ಗುರುತು ಕಾಣಿಸುತ್ತದೆ. ಇಂಥ ಪುಟ ಮೊಬೈಲಿನಲ್ಲಿ ಓದಲಾಗದು, ಗೂಗಲ್‌ಗೂ ಸಿಗದು.

ಇಂಥ ಹಳೆಯ ಫಾಂಟಿನ ಪಠ್ಯವನ್ನು (ಇದನ್ನು ಆಸ್ಕಿ ಎನ್ನುತ್ತಾರೆ) ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವನ್ನು ಕುರುಡಾಗಿ ಇಡೀ ಡೇಟಾಬೇಸಿನ ಮೇಲೆ ಓಡಿಸಬಾರದು. ಪಠ್ಯದ ನಡುವಿನ ನಿಜವಾದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು, ಎಚ್‌ಟಿಎಂಎಲ್ ಟ್ಯಾಗುಗಳು ಎಲ್ಲವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಪರಿವರ್ತನೆ ಎಡವುವ ಜಾಗಗಳು ಗೊತ್ತಿರುವಂಥವೇ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ 'ಕರ್ನಾಟಕ', 'ಸೂರ್ಯ', 'ಸ್ವಾತಂತ್ರ್ಯ', 'ರಾಷ್ಟ್ರೀಯ', 'ವಾರ್ಷಿಕ' ಎಂಬ ಐದು ಪದಗಳು ಸರಿಯಾಗಿ ಬಂದರೆ ಉಳಿದದ್ದೂ ಬಹುಮಟ್ಟಿಗೆ ಸರಿಯಿರುತ್ತದೆ ಎಂಬುದು ನಮ್ಮ ಅನುಭವ. ಹೆಸರುಗಳ ಪಟ್ಟಿಯನ್ನು ಮಾತ್ರ ಮನುಷ್ಯರೇ ಓದಿ ನೋಡಬೇಕು. ದಾನಿಗಳ ಹೆಸರು ತಪ್ಪಾದರೆ ಬರುವ ಫೋನುಗಳಿಗೆ ತಾಂತ್ರಿಕ ವಿವರಣೆ ಕೆಲಸಕ್ಕೆ ಬರುವುದಿಲ್ಲ.

ಈ ಪರಿವರ್ತನೆಯನ್ನು ಸಿಎಂಎಸ್ ಏರಿಸುವ ಹಂತದೊಡನೆ ಬೆರೆಸಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಎಲ್ಲಿಂದ ಬಂತೆಂದು ಹುಡುಕಲಾಗದು.

ವರ್ಡ್‌ಪ್ರೆಸ್ಸಿನಲ್ಲಿ ಹಳೆಯ ವಿಳಾಸವನ್ನು ಹೊಸದಕ್ಕೆ ಬದಲಿಸಿದ ಮೇಲೆ ಸೆಟ್ಟಿಂಗುಗಳೆಲ್ಲ ಮಾಯವಾದವು. ಏಕೆ?

ಥೀಮ್ ಮತ್ತು ವಿಜೆಟ್ ಸೆಟ್ಟಿಂಗುಗಳನ್ನು ವರ್ಡ್‌ಪ್ರೆಸ್ ಒಂದು ವಿಶಿಷ್ಟ ರೂಪದಲ್ಲಿ ಇಡುತ್ತದೆ. ಅದರಲ್ಲಿ ಪ್ರತಿ ಪದದ ಮುಂದೆ ಅದರ ಉದ್ದವೂ ಬೈಟುಗಳಲ್ಲಿ ಬರೆದಿರುತ್ತದೆ. 'ಧಾರವಾಡ' ಎಂದಿದ್ದರೆ 18 ಎಂದಿರುತ್ತದೆ. ಎಚ್‌ಟಿಟಿಪಿ ಎಂಬುದನ್ನು ಎಚ್‌ಟಿಟಿಪಿಎಸ್ ಎಂದು ನೇರವಾಗಿ ಡೇಟಾಬೇಸಿನಲ್ಲಿ ಬದಲಿಸಿದರೆ ಪದ ಒಂದು ಅಕ್ಷರ ಬೆಳೆಯುತ್ತದೆ, ಲೆಕ್ಕ ಹಾಗೆಯೇ ಉಳಿಯುತ್ತದೆ, ಇಡೀ ಸೆಟ್ಟಿಂಗನ್ನು ವರ್ಡ್‌ಪ್ರೆಸ್ ತಿರಸ್ಕರಿಸುತ್ತದೆ. ಡಬ್ಲ್ಯುಪಿ-ಸಿಎಲ್‌ಐ ಎಂಬ ಸಾಧನದ ಹುಡುಕು-ಬದಲಿಸು ಆಜ್ಞೆ ಈ ಲೆಕ್ಕವನ್ನೂ ಸರಿಪಡಿಸುತ್ತದೆ, ಅದನ್ನೇ ಬಳಸಿ.

ಹಳೆಯ ಲಿಂಕುಗಳು ಒಡೆದರೆ ಅಷ್ಟೊಂದು ತೊಂದರೆಯೇ?

ಹೌದು. ನಿಮ್ಮ ಲಿಂಕುಗಳು ಅಂತರ್ಜಾಲದಲ್ಲಷ್ಟೇ ಇರುವುದಿಲ್ಲ. ಸಂಘದ ಕೌಂಟರಿನ ಗಾಜಿಗೆ ಅಂಟಿಸಿದ ಕ್ಯೂಆರ್ ಕೋಡ್, ಪ್ರವೇಶದ ಪರಿಚಯ ಪುಸ್ತಕದ ಹಿಂಬದಿ, ಇಲಾಖೆಗೆ ಬರೆದ ಪತ್ರ, ಹಳೆಯ ವಾಟ್ಸ್‌ಆಪ್ ಸಂದೇಶ ಎಲ್ಲ ಕಡೆಯೂ ಇರುತ್ತವೆ, ಮತ್ತು ಅಚ್ಚಾದದ್ದನ್ನು ತಿದ್ದಲಾಗದು. ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸೋಮಾರಿತನ; ಫಲಿತಾಂಶ ಹುಡುಕಿ ಬಂದವರಿಗೆ ಪ್ರಾಚಾರ್ಯರ ಸಂದೇಶ ತೋರಿಸಿದಂತಾಗುತ್ತದೆ.

ವಿಂಡೋಸ್ ಸರ್ವರಿನಿಂದ ಲಿನಕ್ಸಿಗೆ ಬರುತ್ತಿದ್ದರೆ ಕಡತದ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಿಡಿಎಫ್‌ಗಳು ಅರ್ಧಕ್ಕರ್ಧ ಸಿಗದೆ ಹೋಗುವುದು ಹೆಚ್ಚಾಗಿ ಇದರಿಂದಲೇ.

ಲಿಂಕುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಆದರೆ ಚಿಕ್ಕದಾಗಿರಲಿ. ವರ್ಡ್‌ಪ್ರೆಸ್ ಕನ್ನಡದ ಲಿಂಕನ್ನು ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿಸಿ ಇಡುವುದರಿಂದ ಪ್ರತಿ ಸಂಕೇತಕ್ಕೆ 9 ಸ್ಥಾನ ಬೇಕಾಗುತ್ತವೆ, ಅದಕ್ಕಿರುವ ಜಾಗ ಒಟ್ಟು 200. ಅಂದರೆ 22 ಸಂಕೇತಗಳಿಗೆ ಲಿಂಕ್ ಕತ್ತರಿಸಿಹೋಗುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, ಅದೊಂದೇ 54 ಸ್ಥಾನ ನುಂಗುತ್ತದೆ. ಹಳೆಯ ಸಿಎಂಎಸ್‌ನಲ್ಲಿ ಉದ್ದವಾದ ಕನ್ನಡ ಲಿಂಕುಗಳಿದ್ದು ವರ್ಡ್‌ಪ್ರೆಸ್ಸಿಗೆ ಬರುವವರು ಮರುನಿರ್ದೇಶನದ ಪಟ್ಟಿ ಮಾಡುವಾಗ ಇದನ್ನು ನೆನಪಿಡಬೇಕು.

ಹೊಸ ತಾಣಕ್ಕೆ ಯಾವಾಗ ಬದಲಾಗಬೇಕು?

ಜನ ನಿಮ್ಮ ತಾಣವನ್ನು ಕಡಿಮೆ ನೋಡುವ ತಿಂಗಳಿನಲ್ಲಿ. ಕಾಲೇಜಿನವರು ಪ್ರವೇಶದ ಮೇ, ಜೂನ್ ತಿಂಗಳುಗಳನ್ನು ಬಿಡಬೇಕು. ಸಹಕಾರಿ ಸಂಘಗಳಿಗೆ ಮಾರ್ಚ್ ಕೊನೆಯ ಲೆಕ್ಕವೂ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯೂ ಇರುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ದಿನದ ದರ ಹಾಕುವ ತಾಣವನ್ನು ಫೆಬ್ರುವರಿಯಲ್ಲಿ ಬದಲಿಸೋಣವೆಂದಾಗ ನಾವು ಒಪ್ಪಲಿಲ್ಲ. ಆವಕ ಜೋರಾಗಿರುವ ಕಾಲ ಅದು.

ವಾರದ ದಿನದ ಮಟ್ಟಿಗೆ ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಮಾಡಿ. ಶನಿವಾರ ರಾತ್ರಿ ಮಾಡಿದರೆ ಭಾನುವಾರ ಹೋಸ್ಟಿಂಗ್‌ನವರಲ್ಲಿ ಫೋನ್ ಎತ್ತುವವರು ಇರುವುದಿಲ್ಲ. ಎರಡು ದಿನ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ ಅವಧಿಯನ್ನು (ಡೊಮೇನ್ ಯಾವ ಸರ್ವರಿಗೆ ಹೋಗುತ್ತದೆ ಎಂಬುದನ್ನು ಇತರ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಕಾಲ) 300 ಸೆಕೆಂಡಿಗೆ ಇಳಿಸಿಟ್ಟರೆ, ಬದಲಾವಣೆಯೂ ಅಗತ್ಯವಿದ್ದರೆ ಹಿಂದಿರುಗುವುದೂ ನಿಮಿಷಗಳಲ್ಲಿ ಮುಗಿಯುತ್ತದೆ. ಬದಲಿಸಿದ ಕೂಡಲೇ, ಹುಡುಕಾಟದ ಎಂಜಿನ್‌ಗಳನ್ನು ತಡೆಯುವ ಸೆಟ್ಟಿಂಗ್ ಪ್ರಯೋಗದ ತಾಣದಿಂದ ಹಾಗೆಯೇ ಜೊತೆಗೆ ಬಂದಿದೆಯೇ ನೋಡಿ. ಎರಡು ತಿಂಗಳ ನಂತರ "ಗೂಗಲ್‌ನಲ್ಲಿ ನಾವು ಕಾಣುತ್ತಿಲ್ಲ" ಎಂದು ಬರುವವರ ತೊಂದರೆ ಬಹುಪಾಲು ಇದೇ ಆಗಿರುತ್ತದೆ.

ಇಮೇಲ್‌ಗೆ ತೊಂದರೆಯಾಗುತ್ತದೆಯೇ?

ನೇಮ್‌ಸರ್ವರ್ (ಡೊಮೇನಿನ ದಾಖಲೆಗಳನ್ನು ಇಡುವ ಸರ್ವರ್) ಬದಲಿಸುವುದಾದರೆ ಆಗಬಹುದು. ಡೊಮೇನಿನ ಎಂಎಕ್ಸ್ (ಇಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ದಾಖಲೆ) ಮತ್ತಿತರ ದಾಖಲೆಗಳನ್ನು ಮೊದಲು ಬರೆದುಕೊಂಡು ಹೊಸ ಕಡೆ ಹಾಗೆಯೇ ನಮೂದಿಸಿ.

ತಾಣಕ್ಕೆ ಈಗಾಗಲೇ ಯಾರೋ ನುಗ್ಗಿದ್ದಾರೆ ಎಂಬ ಅನುಮಾನವಿದೆ. ಏರಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಆವೃತ್ತಿ ಏರಿಸಿದರೆ ಬಾಗಿಲು ಮುಚ್ಚುತ್ತದೆ, ಒಳಗೆ ಸೇರಿಕೊಂಡವರು ಒಳಗೇ ಉಳಿಯುತ್ತಾರೆ. ಚಿತ್ರಗಳಷ್ಟೇ ಇರಬೇಕಾದ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತಗಳು, ನೀವು ಸೇರಿಸದ ಆಡಳಿತ ಖಾತೆಗಳು, ಹುಡುಕಾಟದಲ್ಲಿ ನಿಮ್ಮ ಸಂಸ್ಥೆಯ ಹೆಸರಿನಡಿ ಜೂಜಿನ ಪುಟಗಳು ಕಂಡರೆ ಅನುಮಾನ ನಿಜವೆಂದು ತಿಳಿಯಿರಿ. ಆಗ ಹಳೆಯ ಕಡತಗಳನ್ನು ಮುಂದಕ್ಕೆ ಒಯ್ಯಬೇಡಿ. ಸಿಎಂಎಸ್ ಮತ್ತು ಪ್ಲಗಿನ್‌ಗಳನ್ನು ಮೂಲದಿಂದ ಹೊಸದಾಗಿ ಇಳಿಸಿಕೊಂಡು, ವಿಷಯ ಮತ್ತು ಚಿತ್ರಗಳನ್ನು ಮಾತ್ರ ಪರೀಕ್ಷಿಸಿ ತನ್ನಿ. ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂಬ ನಿರ್ದೇಶನ 2022ರ ಏಪ್ರಿಲ್ 28ರಂದೇ ಹೊರಬಿದ್ದಿದೆ.

ಇಷ್ಟೆಲ್ಲ ಏಕೆ, ಹೊಸದಾಗಿ ಕಟ್ಟಿದರೆ ಆಗದೇ?

ಕೆಲವೊಮ್ಮೆ ಅದೇ ಸರಿ. ಮೂವತ್ತು-ನಲವತ್ತು ಪುಟಗಳ ತಾಣವಾದರೆ ಹೊಸದಾಗಿ ಕಟ್ಟಿ, ಪಠ್ಯವನ್ನು ಕೈಯಿಂದ ನಕಲಿಸಿ ಅಂಟಿಸುವುದು ಅಗ್ಗ, ಆ ನೆವದಲ್ಲಿ ಹಳಸಿದ ಪುಟಗಳೂ ಉದುರುತ್ತವೆ. ಆದರೆ ಹತ್ತು ವರ್ಷದ ಸೂಚನೆಗಳು, ಸದಸ್ಯರ ಖಾತೆಗಳು, ಪತ್ರಿಕೆಯ ಹಳೆಯ ಸಂಚಿಕೆಗಳು ಇದ್ದರೆ ಹೊಸದಾಗಿ ಕಟ್ಟುವವರು ಅವನ್ನು "ಆಮೇಲೆ ಹಾಕೋಣ" ಎನ್ನುತ್ತಾರೆ. ಹಾಗೆ ಬಿಟ್ಟದ್ದನ್ನು ಆಮೇಲೆ ಹಾಕಿದ್ದನ್ನು ನಾವಿನ್ನೂ ನೋಡಿಲ್ಲ.

ದಿನವೂ ಸೂಚನೆ ಹಾಕುವ ಸಿಬ್ಬಂದಿಗೆ ಯಾವಾಗ ತಿಳಿಸಬೇಕು?

ಮೊದಲ ದಿನವೇ. ವರ್ಡ್‌ಪ್ರೆಸ್ 5.0 ಬಂದ 2018ರ ಡಿಸೆಂಬರಿನಿಂದ ಬರೆಯುವ ಪರದೆಯೇ ಬದಲಾಗಿದೆ. ಒಂದು ದೊಡ್ಡ ಬಿಳಿ ಹಾಳೆ ಇದ್ದಲ್ಲಿ ತುಂಡು ತುಂಡು ಬ್ಲಾಕುಗಳು ಬಂದಿವೆ. ಧಾರವಾಡದ ಒಂದು ಕಾಲೇಜು ಕಚೇರಿಯಲ್ಲಿ ಎಂಟು ವರ್ಷಗಳಿಂದ ಸೂಚನೆ ಹಾಕುತ್ತಿದ್ದ ಮೇಡಂ ಒಬ್ಬರು ಹೊಸ ಪರದೆಯ ಮುಂದೆ ಹತ್ತು ನಿಮಿಷ ಕುಳಿತು, "ಸರ, ನನ್ನ ಬಟನ್ ಎಲ್ಲಿ ಹೋತ್ರಿ?" ಎಂದು ಫೋನ್ ಮಾಡಿದರು. ತಪ್ಪು ಅವರದಲ್ಲ, ಪ್ರಯೋಗದ ತಾಣವನ್ನು ನಾವು ಅವರಿಗೆ ತೋರಿಸಿರಲೇ ಇಲ್ಲ. ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ ಹಾಕಿ ಹಳೆಯ ಪರದೆಯನ್ನೇ ಉಳಿಸಿಕೊಟ್ಟು, ಎರಡು ತಿಂಗಳ ನಂತರ ಹೊಸದನ್ನು ಕಲಿಸಿದೆವು. ಅದೂ ಒಂದು ಹಂತವೇ. ಈಗ ಏರಿಸುವ ಮುನ್ನ ಪ್ರಯೋಗದ ತಾಣದಲ್ಲಿ ಐದು ನಿಜವಾದ ಸೂಚನೆಗಳನ್ನು ಅವರ ಕೈಯಿಂದಲೇ ಹಾಕಿಸುತ್ತೇವೆ. ನಮಗೆ ಕಾಣದ ತಪ್ಪುಗಳು ಅವರಿಗೆ ಕಾಣುತ್ತವೆ.

ಹಳೆಯ ಸರ್ವರನ್ನು ಯಾವಾಗ ಮುಚ್ಚಬಹುದು?

ತಾಣ ಬದಲಾದ ಮೇಲೆ ಕನಿಷ್ಠ ಮೂರು ತಿಂಗಳು ಹಳೆಯದನ್ನು ಉಳಿಸಿಕೊಳ್ಳಿ. ಹೊರಗಿನವರಿಗೆ ಕಾಣದಂತೆ ಬೀಗ ಹಾಕಿ, ಒಳಗೆ ಯಾರೂ ಬರೆಯದಂತೆ ಮಾಡಿ. ಮೂರು ತಿಂಗಳ ಬಾಡಿಗೆ ದಂಡವೆಂದು ಆಡಳಿತ ಮಂಡಳಿಯವರು ಆಕ್ಷೇಪಿಸಿದರೆ ಮೇಲಿನ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಅವರಿಗೆ ತೋರಿಸಿ. ಮುಚ್ಚುವ ಮುನ್ನ ಕಡತಗಳ ಮತ್ತು ಡೇಟಾಬೇಸಿನ ಕೊನೆಯ ಪ್ರತಿಯನ್ನು ಇಳಿಸಿಕೊಂಡು, ಎಬ್ಬಿಸಿ ನೋಡಿ, ಹಾರ್ಡ್ ಡಿಸ್ಕಿನ ಮೇಲೆ ತಾಣದ ಹೆಸರು, ದಿನಾಂಕ, ಸಿಎಂಎಸ್ ಮತ್ತು ಪಿಎಚ್‌ಪಿ ಆವೃತ್ತಿಗಳನ್ನು ಮಾರ್ಕರ್ ಪೆನ್ನಿನಿಂದ ಬರೆದು ಠರಾವು ಪುಸ್ತಕಗಳಿರುವ ಅಲ್ಮೇರಾದಲ್ಲೇ ಇಡಿ. ಕೀಲಿಕೈ ಯಾರ ಬಳಿ ಇದೆಯೆಂದು ದಿನಚರಿಯಲ್ಲಿ ಬರೆದಿಡಿ.